ಮೇಪಲ್ ತೋಪಿನ ಬಿಡುವಿನ ದುಡಿಮೆ

ಕಬ್ಬಿನಿಂದ ಸಕ್ಕರೆ ಬರುವುದನ್ನು ಎಲ್ಲರೂ ಬಲ್ಲರು. ಮರದ ಕಾಂಡಕ್ಕೆ ತೂತು ಕೊರೆದು, ತೊಟ್ಟಿಕ್ಕುವ ರಸವನ್ನು ಕಾಸಿ ಸಕ್ಕರೆ ಮಾಡುವ ನಾಡೂ ಒಂದುಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಮಾಂಟ್, ನ್ಯೂಯಾರ್ಕ್ ಮೊದಲಾದ ಈಶಾನ್ಯ ಪ್ರಾಂತಗಳೂ ಕೆನಡಾದ ಕ್ವಿಬೆಕ್ ಪ್ರಾಂತವೂ ಈ ಮೇಪಲ್ ಸಕ್ಕರೆಯ ತವರು. ಯೂರೋಪಿಯನ್ನರು ಕಾಲಿಡುವ ಮುನ್ನವೇ ಅಬೆನಾಕಿ ಮೊದಲಾದ ಮೂಲನಿವಾಸಿಗಳು ಈ ರಸದ ಮರ್ಮವನ್ನರಿತಿದ್ದರು. ವಲಸೆ ಬಂದವರು ಅವರಿಂದ ಕಲಿತರು.

ರಸ ಇಳಿಯುವ ಕಾಲ ಬಹು ಕಿರಿದು. ಚಳಿಗಾಲದ ಕೊನೆಯಲ್ಲಿ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಹಿಮ ಕರಗುವ ನಾಲ್ಕಾರು ವಾರಗಳಷ್ಟೆ. ರಸದಲ್ಲಿ ಸಕ್ಕರೆಯಿರುವುದು ನೂರಕ್ಕೆ ಸುಮಾರು 2 ಪಾಲು. ಸುಮಾರು 40 ಪಾಲು ರಸ ಕಾಸಿದರೆ 1 ಪಾಲು ಪಾಕ. ಹಾಗಾದರೆ ಉಳಿದ ಹತ್ತು ತಿಂಗಳು ಆ ಮನೆಯವರಿಗೆ ಏನು ಕೆಲಸ? ಈ ಪ್ರಶ್ನೆಯ ಉತ್ತರದಲ್ಲಿ ಒಂದು ಚರಿತ್ರೆಯೇ ಅಡಗಿದೆ.

1791ರಲ್ಲಿ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್, ಥಾಮಸ್ ಜೆಫರ್ಸನ್ನನಿಗೆ ಈ ಮರವನ್ನು ಕುರಿತು ದೀರ್ಘ ಪತ್ರವೊಂದನ್ನು ಬರೆದನು. ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆ ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರಿನದು. ಮೇಪಲ್ ಸಕ್ಕರೆಯಾದರೋ ಸ್ವತಂತ್ರ ರೈತನು ಮಡದಿ ಮಕ್ಕಳೊಡನೆ, ಹೊಲದ ಕೆಲಸವಿಲ್ಲದ ದಿನಗಳಲ್ಲಿ ಮಾಡಿಕೊಳ್ಳಬಲ್ಲದ್ದು. ಇದು ಬೆಳೆದರೆ ಗುಲಾಮಗಿರಿ ಅಳಿದೀತೆಂಬುದು ಆತನ ಹಂಬಲ. ಜೆಫರ್ಸನ್ ಆ ವರ್ಷವೇ ವರ್ಜೀನಿಯದ ತನ್ನ ಜಮೀನಿನಲ್ಲಿ ಮೇಪಲ್ ಸಸಿಗಳನ್ನು ನೆಡಿಸಿದನು. ಆ ತೋಪು ಕೈಗೂಡಲಿಲ್ಲ. ನೂರಾರು ಗುಲಾಮರ ಒಡೆಯನೇ ಗುಲಾಮರಿಲ್ಲದ ಸಕ್ಕರೆಯ ಕನಸು ಕಂಡದ್ದು ವಿಪರ್ಯಾಸವಲ್ಲವೆ?

ಬಿಡುವಿನ ದಿನಗಳ ಹಗುರವಾದ ಕೆಲಸವೆಂದು ಅಂದು ಹೊಗಳಿದರೇನೋ ಸರಿ. ಆದರೆ ರಸ ನಿಂತ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲ. ಮೊದಲು ಮರಗಳಿಗೆ ಬಡಿದ ಕೊಳವಿಗಳನ್ನು ಕಿತ್ತು ಗಾಯ ಮಾಯಲು ಬಿಡಬೇಕು. ನೂರಾರು ಬಕೆಟ್ಟುಗಳನ್ನು ತೊಳೆದು ಒಣಗಿಸಿ ಕವುಚಿಡಬೇಕು. ಬೇಸಗೆಯಲ್ಲಿ ಹುಲ್ಲು ಕೊಯ್ಲು, ಹೈನುಗಾರಿಕೆ. ನಡುವೆ ಸಿಕ್ಕ ಸಮಯದಲ್ಲಿ ತೋಪಿನ ಆರೈಕೆ. ಒತ್ತಾಗಿ ಬೆಳೆದ ಸೊಟ್ಟ ಮರಗಳನ್ನು ಕಡಿದರೆ ಒಳ್ಳೆಯ ಮರದ ತಲೆ ಹರಡುತ್ತದೆ. ತಲೆ ಹರಡಿದ ಮರದಲ್ಲಿ ರಸವೂ ಹೆಚ್ಚು, ಸಿಹಿಯೂ ಹೆಚ್ಚು. ದನಗಳು ಸಸಿ ಮೇಯದಂತೆ, ಬೇರಿನ ಮೇಲಣ ಮಣ್ಣು ತುಳಿದು ಗಟ್ಟಿಮಾಡದಂತೆ ಬೇಲಿ ಕಾಯಬೇಕು. ಶರತ್ಕಾಲದಲ್ಲಿ ಕಾಸುವ ಮನೆಯ ಸೂರಿನ ದುರಸ್ತಿ. ಚಳಿಗಾಲದಲ್ಲಿ ಸೌದೆ ಕಡಿದು, ಹಿಮದ ಮೇಲೆ ಜಾರುಬಂಡಿಯಲ್ಲಿ ಸಾಗಿಸಿ ಒಟ್ಟುವುದು. ಹಸಿ ಸೌದೆ ಚೆನ್ನಾಗಿ ಉರಿಯದು. ಈ ವರ್ಷ ಕಡಿದದ್ದು ಮುಂದಿನ ವರ್ಷದ ಒಲೆಗೆ.

ಎಲ್ಲಕ್ಕಿಂತ ದೊಡ್ಡದು ಕಾಯುವ ಕೆಲಸ. ಸಸಿಯೊಂದು ರಸ ತೆಗೆಯುವಷ್ಟು ದಪ್ಪವಾಗಲು ಸುಮಾರು 40 ವರ್ಷ ಬೇಕು. ಅಜ್ಜ ಉಳಿಸಿದ ಸಸಿ ಮೊಮ್ಮಗನಿಗೆ ಸಿಹಿ ಕೊಡುತ್ತದೆ. 1938ರ ಸೆಪ್ಟೆಂಬರಿನಲ್ಲಿ ಚಂಡಮಾರುತವು ನ್ಯೂ ಇಂಗ್ಲೆಂಡಿನ ಅನೇಕ ತೋಪುಗಳನ್ನು ಉರುಳಿಸಿದಾಗ, 1998ರ ಜನವರಿಯಲ್ಲಿ ಮಂಜುಗಡ್ಡೆಯ ಭಾರಕ್ಕೆ ಕ್ವಿಬೆಕ್ಕಿನ ಮರಗಳ ಕೊಂಬೆಗಳು ಮುರಿದಾಗ, ಹೋದದ್ದು ಒಂದು ವರ್ಷದ ಫಸಲಲ್ಲ, ಒಂದು ತಲೆಮಾರಿನ ದುಡಿಮೆ. ಈಗ ಬಹುಕಡೆ ಬಕೆಟ್ಟಿನ ಬದಲು ಪ್ಲಾಸ್ಟಿಕ್ ಕೊಳವೆಗಳು ಬಂದಿವೆ. ಅಳಿಲು ಕಡಿದದ್ದನ್ನೂ ಕೊಂಬೆ ಬಿದ್ದು ಹರಿದದ್ದನ್ನೂ ಹುಡುಕುತ್ತ ತೋಪೆಲ್ಲ ನಡೆಯುವುದು ಮಾತ್ರ ತಪ್ಪಿಲ್ಲ.

ರಶ್ ಬಯಸಿದಂತೆ ಆಗಲಿಲ್ಲ. ಪೇಟೆಯಲ್ಲಿ ಗೆದ್ದದ್ದು ಕಬ್ಬಿನ ಸಕ್ಕರೆಯೇ. ಅಮೆರಿಕದಲ್ಲಿ ಗುಲಾಮಗಿರಿ ಅಳಿದದ್ದು ಅಂತರ್ಯುದ್ಧದಿಂದ, 1865ರ ಸಂವಿಧಾನ ತಿದ್ದುಪಡಿಯಿಂದ. ಆದರೂ ಆತನ ಮಾತಿನಲ್ಲಿ ಒಂದಂಶ ನಿಜವಾಗಿ ಉಳಿಯಿತು: ಇಂದಿಗೂ ಎಷ್ಟೋ ತೋಪುಗಳನ್ನು ನಡೆಸುವುದು ಒಂದೊಂದು ಸಂಸಾರ. ತನ್ನದೆಂಬ ಮಮತೆಯಿಲ್ಲದೆ, 40 ವರ್ಷದಾಚೆಯ ಸಿಹಿಗಾಗಿ ಇಂದು ಬೇಲಿ ಕಾಯುವವರಾರು?