ಬೆಂಕಿಯ ಉಸಿರು, ಮನೆಯ ಉಸಿರು

1902ರ ಸೆಪ್ಟೆಂಬರ್ 29ರ ಬೆಳಿಗ್ಗೆ ಪ್ಯಾರಿಸ್ಸಿನ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಅವರು ಮತ್ತೆ ಏಳಲಿಲ್ಲ. ಚಳಿಗೆಂದು ಹೊತ್ತಿಸಿದ್ದ ಕಲ್ಲಿದ್ದಲಿನ ಬೆಂಕಿಯ ಅನಿಲ ಹೊಗೆಕೊಳವೆಯಲ್ಲಿ ಮೇಲೇರದೆ ಕೋಣೆಯಲ್ಲೇ ತುಂಬಿಕೊಂಡಿತ್ತು. ಅದೇ ಕೋಣೆಯಲ್ಲಿ ಮಲಗಿದ್ದ ಪತ್ನಿ ಅಲೆಕ್ಸಾಂಡ್ರೀನ್ ಬದುಕಿಕೊಂಡರು. ಡ್ರೈಫಸ್ ಪ್ರಕರಣದಲ್ಲಿ ಜೋಲಾ ಕಟ್ಟಿಕೊಂಡಿದ್ದ ಹಗೆಗಳಲ್ಲಿ ಯಾರೋ ಕೊಳವೆಯನ್ನು ಬೇಕೆಂದೇ ಮುಚ್ಚಿದರೆಂಬ ಅನುಮಾನ ಇಂದಿಗೂ ತೀರಿಲ್ಲ. ಸಾಹಿತ್ಯ ಚರಿತ್ರೆಗೆ ಆ ಅನುಮಾನವೇ ಮುಖ್ಯವಾದೀತು. ನಮಗಿಲ್ಲಿ ಬೇಕಾದುದು ಅದಕ್ಕಿಂತ ಸಾಮಾನ್ಯವಾದ ಸಂಗತಿ: ಮನೆಯನ್ನು ಬೆಚ್ಚಗಿಡುವ ಬೆಂಕಿಯೂ ಆ ಮನೆಯಲ್ಲಿ ಉಸಿರಾಡುವ ಜನರೂ ಒಂದೇ ಗಾಳಿಯನ್ನು ಹಂಚಿಕೊಳ್ಳಬಾರದು. ಅಮೆರಿಕದ ಮನೆಗಳ ನೆಲಮಾಳಿಗೆಯಲ್ಲಿ ಕೂತಿರುವ ಗ್ಯಾಸ್ ಫರ್ನೇಸ್ ಎಂಬ ತಗಡಿನ ಪೆಟ್ಟಿಗೆಯ ಚರಿತ್ರೆಯೆಲ್ಲ ಈ ಒಂದು ಮಾತನ್ನು ಕಲಿತ ಚರಿತ್ರೆ.

ಕಲಿಯುವುದಕ್ಕೆ ತಡವಾದದ್ದು ವಿಜ್ಞಾನದ ಕೊರತೆಯಿಂದಲ್ಲ. ಇಂಗಾಲದ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಂಡು ಕೊಲ್ಲುತ್ತದೆಂಬುದನ್ನು ಫ್ರಾನ್ಸಿನ ಕ್ಲೋದ್ ಬರ್ನಾರ್ 1850ರ ದಶಕದಲ್ಲಿಯೇ ತೋರಿಸಿದ್ದರು. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಸುವ ಹೊಗೆಯಾದರೂ ಮನುಷ್ಯನನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ, ಇದು ಮಲಗಿಸುತ್ತದೆ.

ಬೆಂಕಿಯನ್ನು ಬೇರೆಯಾಗಿ ಇಡುವ ಉಪಾಯವನ್ನು ಹಿಂದಿನವರು ಅರಿಯದಿದ್ದವರೇನಲ್ಲ. ರೋಮನ್ನರ ಸ್ನಾನಗೃಹಗಳಲ್ಲಿ ನೆಲವನ್ನು ಗಿಡ್ಡ ಇಟ್ಟಿಗೆಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಪಕ್ಕದ ಒಲೆಯ ಬಿಸಿ ಅನಿಲವನ್ನು ಅದರ ಅಡಿಯಲ್ಲಿ ಹರಿಸಿ, ಗೋಡೆಯೊಳಗಿನ ಪೊಳ್ಳು ಹೆಂಚುಗಳ ಮೂಲಕ ಮೇಲೆ ಕಳಿಸುತ್ತಿದ್ದರು. ನೆಲ, ಗೋಡೆ ಬೆಚ್ಚಗಾಗುತ್ತಿದ್ದವು. ಹೊಗೆ ಕೋಣೆಗೆ ಬರುತ್ತಿರಲಿಲ್ಲ. ನಮ್ಮ ಊರುಗಳ ಹಲವು ಹಳೆಯ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಯ ಬಾಯಿ ಗೋಡೆಯಾಚೆ ಇರುತ್ತಿದ್ದುದನ್ನು ನೋಡಿದವರಿಗೆ ಈ ಏರ್ಪಾಟಿನ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇದೇ ಕೆಲಸವನ್ನು ಎರಕದ ಕಬ್ಬಿಣದ ಕಲ್ಲಿದ್ದಲ ಫರ್ನೇಸ್ ಮಾಡುತ್ತಿತ್ತು, ಆದರೆ ಕಳಪೆಯಾಗಿ. ಕಾದು ತಣಿದು ಎರಕ ಸೊಟ್ಟಗಾಗುವುದು, ಸಂದುಗಳು ಬಾಯಿಬಿಡುವುದು, ಅನಿಲ ಮನೆಯ ಗಾಳಿಗೆ ಸೇರುವುದು ಮಾಮೂಲಾಗಿತ್ತು. 1895ರಲ್ಲಿ ಅಯೋವಾದ ಮಾರ್ಷಲ್‌ಟೌನಿನಲ್ಲಿ ಡೇವ್ ಲೆನಾಕ್ಸ್ ಉಕ್ಕಿನ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಫರ್ನೇಸನ್ನು ಮಾರುಕಟ್ಟೆಗೆ ತಂದರು. ಅದರ ಹೆಚ್ಚುಗಾರಿಕೆ ಇದ್ದುದು ಶಾಖದಲ್ಲಲ್ಲ, ಬಿರುಕು ಬಿಡದ ಗೋಡೆಯಲ್ಲಿ. ಅಂದಿನ ಫರ್ನೇಸುಗಳಿಗೆ ಫ್ಯಾನ್ ಇರಲಿಲ್ಲ. ಬಿಸಿಗಾಳಿ ತಾನಾಗಿ ಮೇಲೇರಬೇಕಿದ್ದುದರಿಂದ ದಪ್ಪ ದಪ್ಪ ಕೊಳವೆಗಳು ನೆಲಮಾಳಿಗೆಯ ತುಂಬ ಹರಡಿಕೊಂಡಿರುತ್ತಿದ್ದವು. ಜನ ಅದನ್ನು ಆಕ್ಟೋಪಸ್ ಎಂದು ಕರೆದರು.

ಅನಿಲವನ್ನು ಮೊದಲೇ ಗಾಳಿಯೊಡನೆ ಬೆರೆಸಿ ಮಸಿಯಿಲ್ಲದ ನೀಲಿ ಜ್ವಾಲೆಯಾಗಿ ಉರಿಸುವ ಬರ್ನರ್ 1855ರ ಸುಮಾರಿಗೆ ಹೈಡಲ್ಬರ್ಗಿನ ಬುನ್ಸೆನ್ ಪ್ರಯೋಗಾಲಯದಲ್ಲಿ ಬಳಕೆಗೆ ಬಂದಿತ್ತು. ಅದನ್ನು ಇಡೀ ಮನೆಗೆ ಹೊಂದಿಸುವ ಒಂದು ಕಲ್ಪನೆ ನ್ಯೂಜೆರ್ಸಿಯ ಮಾರಿಸ್‌ಟೌನಿನ ಆಲಿಸ್ ಪಾರ್ಕರ್ ಅವರದು. 1919ರ ಡಿಸೆಂಬರ್ 23ರಂದು ಅವರಿಗೆ ದೊರೆತ ಪೇಟೆಂಟಿನಲ್ಲಿ, ಬೇರೆ ಬೇರೆಯಾಗಿ ನಿಯಂತ್ರಿಸಬಹುದಾದ ಹಲವು ಗ್ಯಾಸ್ ಬರ್ನರುಗಳಿಂದ ಕಾದ ಗಾಳಿಯನ್ನು ಡಕ್ಟುಗಳ ಮೂಲಕ ಕೋಣೆಕೋಣೆಗೆ ಒಯ್ಯುವ ನಕ್ಷೆಯಿದೆ. ಅವರ ಬದುಕಿನ ಬಗೆಗಿನ ದಾಖಲೆಗಳು ಬಹಳ ಕಡಿಮೆ. ಅವರದೆಂದು ಅಂತರ್ಜಾಲದಲ್ಲಿ ಓಡಾಡುವ ಭಾವಚಿತ್ರವೂ ಬೇರೆಯವರದು. ಒಂದು ಪೇಟೆಂಟಿನ ಅಂಕಿಯಷ್ಟೇ ಉಳಿದ ಬದುಕುಗಳು ಚರಿತ್ರೆಯಲ್ಲಿ ಎಷ್ಟಿವೆಯೋ!

ಜೋಲಾ ಸತ್ತದ್ದು ಉರಿದ ಇಂಧನದಿಂದ. ಅನಿಲ ಬಂದ ಮೇಲೆ ಇನ್ನೊಂದು ಅಪಾಯ ಜೊತೆಗೂಡಿತು, ಉರಿಯದೆ ಸೋರಿದ ಇಂಧನದ್ದು. ಪೂರ್ವ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರು ತೈಲದಿಂದ ಸಿರಿವಂತವಾಗಿತ್ತು. ಅಲ್ಲಿನ ಶಾಲೆಯನ್ನು ಕಟ್ಟುವಾಗ ಮೂಲ ಯೋಜನೆಯಲ್ಲಿದ್ದ ಬಾಯ್ಲರ್ ಹಾಗೂ ಹಬೆಯ ವ್ಯವಸ್ಥೆಯನ್ನು ಕೈಬಿಟ್ಟು, ಕಟ್ಟಡದುದ್ದಕ್ಕೂ 72 ಗ್ಯಾಸ್ ಹೀಟರುಗಳನ್ನು ಕೂರಿಸಿದರು. 1937ರ ಆರಂಭದಲ್ಲಿ ಖರ್ಚು ಉಳಿಸಲೆಂದು ಅನಿಲದ ಸಂಪರ್ಕವನ್ನೇ ಬದಲಿಸಿ, ತೈಲೋದ್ಯಮದಲ್ಲಿ ಉಳಿಕೆಯಾಗಿ ಸಿಗುತ್ತಿದ್ದ ಅನಿಲದ ಕೊಳವೆಗೆ ಜೋಡಿಸಿಕೊಂಡರು. ಆ ಭಾಗದಲ್ಲಿ ಹಲವರು ಮಾಡುತ್ತಿದ್ದುದೂ ಅದನ್ನೇ. ಎಲ್ಲಿಯೋ ಸೋರಿದ ಅನಿಲ ಕಟ್ಟಡದ ತಳದ ಟೊಳ್ಳಿನಲ್ಲಿ ಶೇಖರವಾಯಿತು. ಮಕ್ಕಳು ತಲೆನೋವೆಂದು ಹೇಳಿದ್ದರಂತೆ. ಯಾರೂ ಅದನ್ನು ಅನಿಲಕ್ಕೆ ತಳುಕು ಹಾಕಲಿಲ್ಲ, ಏಕೆಂದರೆ ವಾಸನೆಯೇ ಇರಲಿಲ್ಲ. ಮಾರ್ಚ್ 18ರ ಮಧ್ಯಾಹ್ನ ಕರಕುಶಲ ತರಗತಿಯಲ್ಲಿ ಮರ ಉಜ್ಜುವ ವಿದ್ಯುತ್ ಯಂತ್ರವನ್ನು ಚಾಲೂ ಮಾಡಿದಾಗ ಕಿಡಿ ಹಾರಿತು. ಸುಮಾರು 300 ಮಕ್ಕಳು ಮತ್ತು ಶಿಕ್ಷಕರು ಸತ್ತರು. ಅವಶೇಷಗಳ ನಡುವೆ ಸಿಕ್ಕಿದ ಕಪ್ಪುಹಲಗೆಯೊಂದರ ಮೇಲೆ ತೈಲ ಮತ್ತು ಅನಿಲಗಳೇ ಆ ಸೀಮೆಯ ದೊಡ್ಡ ವರವೆಂಬ ಅರ್ಥದ ಸಾಲು ಅಳಿಸದೆ ಉಳಿದಿತ್ತು.

ಅದೇ ವರ್ಷ ಟೆಕ್ಸಾಸ್ ಶಾಸನಸಭೆ ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂಬ ಕಾನೂನು ಮಾಡಿತು. ಎಂಜಿನಿಯರುಗಳ ನೋಂದಣಿಯ ಕಾನೂನೂ ಆಗಲೇ ಬಂತು. ಮರ್‌ಕ್ಯಾಪ್ಟನ್ ಎಂಬ ಗಂಧಕಯುಕ್ತ ವಸ್ತುವನ್ನು ಬೆರೆಸುವ ರೂಢಿ ಕ್ರಮೇಣ ಎಲ್ಲೆಡೆ ಹರಡಿತು. ಮುಂಬಯಿಯಲ್ಲಾಗಲಿ ದಿಲ್ಲಿಯಲ್ಲಾಗಲಿ ಸಿಲಿಂಡರ್ ಬದಲಿಸುವಾಗ ನಮ್ಮ ಮೂಗಿಗೆ ಬಡಿಯುವ ಕೊಳೆತ ವಾಸನೆ ಈ ಜಾತಿಯದೇ.

ಆದರೆ ವಾಸನೆ ಕಾಯುವುದು ಸೋರಿಕೆಯನ್ನು ಮಾತ್ರ. ಜ್ವಾಲೆಯಲ್ಲಿ ಅದೂ ಉರಿದುಹೋಗುತ್ತದೆ. ಉರಿದು ಬಂದ ಅನಿಲಕ್ಕೆ ಮತ್ತೆ ವಾಸನೆಯಿಲ್ಲ. ಆದ್ದರಿಂದ ಫರ್ನೇಸ್ ಕೂರಿಸುವವನ ಕೆಲಸ ಅರ್ಧಕ್ಕರ್ಧ ಗಾಳಿಯ ಲೆಕ್ಕಾಚಾರ. ಒಂದು ಘನ ಅಡಿ ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು. ಗಾಳಿ ಕಡಿಮೆಯಾದಷ್ಟೂ ಮೊನಾಕ್ಸೈಡ್ ಹೆಚ್ಚು. ಅಮೆರಿಕದ ನಿಯಮಾವಳಿಯಲ್ಲಿ ಬಹುಕಾಲ ನಡೆದುಬಂದ ಲೆಕ್ಕ ಇದು: ಶಾಖದ ಅಳತೆಯಾದ ಬಿಟಿಯುವಿನಲ್ಲಿ ಹೇಳುವುದಾದರೆ, ಗಂಟೆಗೆ ಪ್ರತಿ 1,000 ಬಿಟಿಯುವಿಗೆ 50 ಘನ ಅಡಿ ಸ್ಥಳವಿರಬೇಕು. ಅಷ್ಟಿಲ್ಲದಿದ್ದರೆ ಮನೆಯ ದೊಡ್ಡ ಭಾಗಕ್ಕೆ ತೆರೆಯುವ ಎರಡು ಕಿಂಡಿಗಳು, ಒಂದು ಚಾವಣಿಯಿಂದ 12 ಅಂಗುಲದೊಳಗೆ, ಇನ್ನೊಂದು ನೆಲದಿಂದ 12 ಅಂಗುಲದೊಳಗೆ.

ಡಕ್ಟುಗಳ ಪಾತ್ರ ಇಲ್ಲಿ ಮೇಲ್ನೋಟಕ್ಕೆ ಕಾಣದಂಥದು. ಕೋಣೆಗಳಿಂದ ತಣ್ಣನೆಯ ಗಾಳಿಯನ್ನು ಹಿಂದಕ್ಕೆ ತರುವ ಡಕ್ಟು ಫರ್ನೇಸಿನ ಬಳಿ ಸಂದುಬಿಟ್ಟರೆ ಫ್ಯಾನ್ ಅಲ್ಲಿನ ಗಾಳಿಯನ್ನೇ ಹೀರುತ್ತದೆ. ಒತ್ತಡ ಕುಸಿದು, ಮೇಲೇರಬೇಕಾದ ಅನಿಲ ಹೊಗೆಕೊಳವೆಯಲ್ಲಿ ಹಿಮ್ಮುಖವಾಗಿ ಇಳಿದು, ಅದೇ ಡಕ್ಟುಗಳಲ್ಲಿ ಮಕ್ಕಳ ಕೋಣೆಯನ್ನೂ ತಲುಪಬಲ್ಲದು. ಸಂದು ಮುಚ್ಚಲು ಜನ ಬಳಸುತ್ತಿದ್ದುದು ಹೆಸರಿನಲ್ಲೇ ಡಕ್ಟನ್ನು ಹೊತ್ತ ಡಕ್ಟ್ ಟೇಪು. 1998ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು ಹಲವು ಬಗೆಯ ಟೇಪುಗಳನ್ನು ಪರೀಕ್ಷಿಸಿದಾಗ, ಬಿಸಿಗೆ ಬೇಗ ಸೋತು ಬಿಟ್ಟುಕೊಂಡದ್ದು ಅದೇ. ತಿಳಿದ ಕೆಲಸಗಾರ ಮ್ಯಾಸ್ಟಿಕ್ ಎಂಬ ಲೇಪವನ್ನು ಬಳಿಯುತ್ತಾನೆ. ಕೆಲಸ ಮುಗಿದ ಮೇಲೆ ಮನೆಯ ಎಕ್ಸಾಸ್ಟ್ ಫ್ಯಾನುಗಳನ್ನೆಲ್ಲ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಹೊಗೆಕೊಳವೆಯ ಬುಡದಲ್ಲಿ ಒಂದೆಳೆ ಹೊಗೆ ಹಿಡಿದು ಅದು ಒಳಸೇರುತ್ತದೆಯೋ ಹೊರಚಿಮ್ಮುತ್ತದೆಯೋ ನೋಡುತ್ತಾನೆ.

1980ರ ದಶಕದಿಂದ ಬಂದ ಹೊಸ ಫರ್ನೇಸುಗಳಲ್ಲಿ ಹಲವು ಒಂದು ಕೊಳವೆಯಿಂದ ಹೊರಗಿನ ಗಾಳಿಯನ್ನು ಎಳೆದುಕೊಂಡು ಇನ್ನೊಂದರಿಂದ ಹೊರಕ್ಕೇ ಬಿಡುತ್ತವೆ. ರೋಮನ್ನರ ಒಲೆಯೂ ನಮ್ಮ ಬಚ್ಚಲ ಒಲೆಯೂ ಹೊರಗಿನಿಂದ ಉಸಿರಾಡಿದಂತೆ.

ನಮ್ಮ ನಗರಗಳಲ್ಲಿ ಫರ್ನೇಸ್ ಇಲ್ಲ, ಗ್ಯಾಸ್ ಗೀಸರ್ ಇದೆ. ಪುಣೆ, ಮುಂಬಯಿ, ಬೆಂಗಳೂರುಗಳ ಪತ್ರಿಕೆಗಳಲ್ಲಿ ಬಚ್ಚಲಲ್ಲಿ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಸಿಲಿಂಡರನ್ನು ಹೊರಗಿಟ್ಟು ಗೀಸರನ್ನು ಒಳಗೆ ತೂಗುಹಾಕಿದರೆ ಸಾಕೆಂದು ನಂಬಿದವರು ಬಹಳ. ಅವರು ಹೆದರಿದ್ದು ಸೋರಿಕೆಗೆ, ಜ್ವಾಲೆಗಲ್ಲ. ಸಾಧಾರಣ ಗೀಸರೊಂದು ಗಂಟೆಗೆ ಸುಮಾರು 40,000 ಬಿಟಿಯು ಪ್ರಮಾಣದಲ್ಲಿ ಉರಿಯುತ್ತದೆ. ಮೇಲಿನ ಲೆಕ್ಕದಂತೆ ಅದಕ್ಕೆ 2,000 ಘನ ಅಡಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಒಂಬತ್ತಡಿ ಎತ್ತರದ ಫ್ಲ್ಯಾಟಿನ ಬಚ್ಚಲಲ್ಲಿ ಇರುವುದು 315. ಅದರ ಒಂದೇ ಕಿಂಡಿಯನ್ನೂ ಚಳಿಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿರುತ್ತಾರೆ.