ಹುಸಿ ಎರೆಯ ಚರಿತ್ರೆ

ಕನ್ನಡದಲ್ಲಿ ‘ಎರೆ’ ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ. ಎರೆಹುಳುವಿನ ಹೆಸರಿನಲ್ಲಿ ಕೂತಿರುವುದೂ ಅದೇ ಪದ. ಮೀನು ತಿನ್ನುವುದನ್ನೇ ಮೀನಿಗೆ ಒಡ್ಡಿ ಹಿಡಿಯುವುದು ಹಳೆಯ ದಾರಿ. ಮೀನು ಎಂದೂ ತಿನ್ನದ ಮರದ ತುಂಡು, ತಗಡು, ಪ್ಲಾಸ್ಟಿಕ್ಕನ್ನು ಒಡ್ಡಿ ಹಿಡಿಯುವುದು ಇನ್ನೊಂದು ದಾರಿ. ಇಂಗ್ಲಿಷಿನಲ್ಲಿ ಅದಕ್ಕೆ ಲ್ಯೂರ್ ಎನ್ನುತ್ತಾರೆ. ನಾವು ಸದ್ಯಕ್ಕೆ ಹುಸಿ ಎರೆ ಎಂದುಕೊಳ್ಳೋಣ. ಈ ಹುಸಿ ಎರೆಯ ಸುತ್ತ ಒಂದು ದೊಡ್ಡ ಉದ್ಯಮವೂ ಒಂದು ಬಗೆಯ ಜಾನಪದವೂ ಬೆಳೆದದ್ದು ಅಮೆರಿಕದಲ್ಲಿ, ಅದೂ ಬಹುಪಾಲು ಲಾರ್ಜ್‌ಮೌತ್ ಬಾಸ್ ಎಂಬ ಒಂದು ಮೀನಿನ ಬೆನ್ನು ಹತ್ತಿ.

ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನ ಹಿಂದಕ್ಕೂ ಸೀಳಿದಂತಿರುವ ಬಾಯಿ. ಇದು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಹೊಂಚು ಹಾಕುವುದೇ ಹೆಚ್ಚು. ಜೊಂಡಿನ ನೆರಳಲ್ಲೋ ಮುಳುಗಿದ ಮರದ ಬುಡದಲ್ಲೋ ನಿಂತಿದ್ದು, ಹತ್ತಿರ ಬಂದದ್ದನ್ನು ಬಾಯಿ ಅಗಲಿಸಿ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಒಳಗೆ ಬಂದದ್ದು ಆಹಾರವಲ್ಲ ಎನ್ನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಗಾಳ ಹಾಕುವವನಿಗೆ ಸಿಗುವ ಅವಕಾಶ ಈ ಎರಡು ಕ್ಷಣಗಳ ನಡುವಿನದು.

ಈ ಮೀನನ್ನು ಮನುಷ್ಯ ಮೊದಲಿನಿಂದಲೂ ತಪ್ಪಾಗಿಯೇ ಓದಿದ್ದಾನೆ. 1802ರಲ್ಲಿ ಪ್ಯಾರಿಸ್ಸಿನ ಲಾಸೆಪೆಡ್ ಈ ಕುಲಕ್ಕೆ ಮೈಕ್ರೋಪ್ಟೆರಸ್, ಅಂದರೆ ‘ಕಿರುರೆಕ್ಕೆ’ ಎಂದು ಹೆಸರಿಟ್ಟ. ಅವನ ಕೈಗೆ ಬಂದಿದ್ದು ಲಾರ್ಜ್‌ಮೌತಿನ ದಾಯಾದಿಯಾದ ಸ್ಮಾಲ್‌ಮೌತ್ ಬಾಸ್. ಅದರ ಬೆನ್ನಿನ ಈಜುರೆಕ್ಕೆಯ ಹಿಂಭಾಗ ಹಾನಿಗೊಂಡಿತ್ತು. ಆ ಊನವನ್ನೇ ಅವನು ಮೀನಿನ ಲಕ್ಷಣವೆಂದು ಬಗೆದ. ಹೆಸರು ಇವತ್ತಿಗೂ ಹಾಗೇ ಉಳಿದಿದೆ.

ಹುಸಿ ಎರೆಯೂ ಇಂಥದೇ ಒಂದು ಓದು. ಕಾಣದ ನೀರಿನೊಳಗೆ ಏನು ನಡೆಯುತ್ತಿದೆ ಎಂಬುದರ ಬಗ್ಗೆ ಯಾರೋ ಒಬ್ಬ ಮರದಲ್ಲಿ ಕೆತ್ತಿದ ಊಹೆ. ಮಿಶಿಗನ್‌ನ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡನ್ ಅಕ್ಷರಶಃ ಮರದಲ್ಲೇ ಕೆತ್ತಿದ. ಅವನು ಜೇನು ಸಾಕಣೆಯಲ್ಲಿ ಹೆಸರು ಮಾಡಿದವನು. ಗಿರಣಿ ಕೊಳದ ದಂಡೆಯಲ್ಲಿ ಸ್ನೇಹಿತನಿಗಾಗಿ ಕಾಯುತ್ತಾ ಚಾಕುವಿನಿಂದ ಕೆತ್ತುತ್ತಿದ್ದ ಕಟ್ಟಿಗೆಯ ಚೂರನ್ನು ನೀರಿಗೆ ಎಸೆದನಂತೆ, ಬಾಸ್ ಒಂದು ಅದರ ಮೇಲೆರಗಿತಂತೆ. ಕಥೆ ಎಷ್ಟು ನಿಜವೋ, 1890ರ ದಶಕದ ಕೊನೆಗೆ ಅವನು ಕಟ್ಟಿಗೆಯ ಕಪ್ಪೆಗಳನ್ನು ಮಾಡಿ ಸ್ನೇಹಿತರಿಗೆ ಹಂಚುತ್ತಿದ್ದುದು ನಿಜ. ಅದರಿಂದ ಒಂದು ಕಾರ್ಖಾನೆಯೇ ಎದ್ದಿತು. ಆ ಕಪ್ಪೆಯ ಹಿಂದಿದ್ದ ಊಹೆ ಸರಳವಾದದ್ದು: ಮೀನು ದಂಡೆಯ ಹತ್ತಿರವಿದೆ, ಮೇಲಕ್ಕೆ ನೋಡುತ್ತಿದೆ. ವಸಂತದಲ್ಲಿ ಅದು ಸರಿಯೂ ಹೌದು. ನೀರು ಹದಿನೈದು ಹದಿನೆಂಟು ಡಿಗ್ರಿ ಸೆಲ್ಸಿಯಸ್ಸಿಗೆ ಬೆಚ್ಚಗಾದಾಗ ಬಾಸ್ ತೆಳುನೀರಿಗೆ ಬಂದು ಗೂಡು ಮಾಡುತ್ತದೆ, ಗಂಡು ಕಾವಲು ನಿಲ್ಲುತ್ತದೆ. ಬೇಸಿಗೆಯ ನಸುಕಿನಲ್ಲಿ, ಸಂಜೆಯಲ್ಲಿ, ಮೋಡ ಮುಸುಕಿದ ದಿನದಲ್ಲಿ ಮೇಲ್ಮೈಯ ಕಪ್ಪೆ ಇಂದಿಗೂ ಕೆಲಸ ಮಾಡುತ್ತದೆ. ನಡುಹಗಲಿನ ಬಿಸಿಲಿಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಅಂಥ ಹಳೆಯ ಕಾಲದ ಅತಿ ಪ್ರಸಿದ್ಧ ದಿನ 1932ರ ಜೂನ್ 2. ಆರ್ಥಿಕ ಕುಸಿತದ ವರ್ಷ. ಜಾರ್ಜಿಯಾದ ಯುವ ರೈತ ಜಾರ್ಜ್ ಪೆರ್ರಿ, ಮಳೆಯಿಂದ ಹೊಲ ಉಳಲಾಗದೆ ಸ್ನೇಹಿತನ ಜೊತೆ ಮಾಂಟ್ಗೊಮರಿ ಕೆರೆಗೆ ಹೋದ. ಇಬ್ಬರಿಗೂ ಸೇರಿ ಒಂದೇ ಕೋಲು, ಒಂದೇ ಹುಸಿ ಎರೆ. ಎದ್ದ ಮೀನು 22 ಪೌಂಡ್ 4 ಔನ್ಸ್, ನಮ್ಮ ಲೆಕ್ಕದಲ್ಲಿ ಹತ್ತು ಕಿಲೋಗಿಂತ ತುಸು ಹೆಚ್ಚು. ಮನೆಯವರು ಅದನ್ನು ಬೇಯಿಸಿ ತಿಂದರು. ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಬಹುಮಾನವಾಗಿ ಸಾಮಾನು ಬಂತು. ಈಗಿನ ಸ್ಪರ್ಧಾಳುಗಳ ದೋಣಿಯಲ್ಲಿ ಡಜನ್ನುಗಟ್ಟಲೆ ಕೋಲುಗಳು ಸಾಲಾಗಿ ಮಲಗಿರುವುದನ್ನು ನೋಡಿದಾಗಲೆಲ್ಲ ನನಗೆ ಆ ಒಂದೇ ಎರೆ ನೆನಪಾಗುತ್ತದೆ.

ಆಮೇಲೆ ನೀರೇ ಬದಲಾಯಿತು. 1933ರಲ್ಲಿ ಟೆನೆಸ್ಸೀ ವ್ಯಾಲಿ ಅಥಾರಿಟಿ ಹುಟ್ಟಿತು. 1936ರಲ್ಲಿ ಅದರ ಮೊದಲ ಅಣೆಕಟ್ಟು ನಾರಿಸ್ ಮುಗಿಯಿತು. ಸಾವಿರಾರು ಕುಟುಂಬಗಳು ಎದ್ದು ಹೋದವು. ಮುಳುಗಡೆ ಎಂದರೇನೆಂದು ಶರಾವತಿಯನ್ನು ಕಂಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಮೂರು ದಶಕಗಳಲ್ಲಿ ಅಮೆರಿಕದ ದಕ್ಷಿಣ ಭಾಗವೆಲ್ಲ ಜಲಾಶಯಗಳಿಂದ ತುಂಬಿತು. ಹಳೆಯ ರಸ್ತೆ, ಬೇಲಿ, ಹೊಳೆಯ ಪಾತ್ರ, ಕಾಡು ಎಲ್ಲವೂ ನೀರಿನಡಿಗೆ ಹೋದವು. ಬಾಸ್‌ಗೆ ಹೊಂಚು ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದಂಡೆಗೆ ಕಪ್ಪೆ ಎಸೆಯುವವನಿಗೆ ಅಲ್ಲಿಗೆ ದಾರಿಯೇ ಇರಲಿಲ್ಲ.

ಈ ಹೊಸ ನೀರನ್ನು ಮೊದಲು ಕ್ರಮವಾಗಿ ಓದಲು ಕೂತವರಲ್ಲಿ ಒಬ್ಬ ಇನ್ನೊಬ್ಬ ಪೆರ್ರಿ: ನಾರ್ತ್ ಕ್ಯಾರೊಲೈನಾದ ಬಕ್ ಪೆರ್ರಿ, ಭೌತಶಾಸ್ತ್ರ ಕಲಿಸುತ್ತಿದ್ದವನು. ಬಾಸ್‌ನ ಮನೆ ಆಳದಲ್ಲಿದೆ, ಅದು ತೆಳುನೀರಿಗೆ ಬರುವುದು ಆಗೊಮ್ಮೆ ಈಗೊಮ್ಮೆ, ಬರುವಾಗಲೂ ತಳದ ಏಣು ತಗ್ಗುಗಳ ದಾರಿ ಹಿಡಿದೇ ಬರುತ್ತದೆ ಎಂದು ಅವನ ವಾದ. ಹವೆ ಕೆಟ್ಟರೆ ಮೀನು ಮಾಯವಾಗುವುದಿಲ್ಲ, ಕೆಳಗಿಳಿಯುತ್ತದೆ. ಅವನು ಮಾಡಿದ ಸ್ಪೂನ್‌ಪ್ಲಗ್ ಎಂಬ ಬಾಗಿದ ಲೋಹದ ತುಣುಕು ಒಂದೊಂದು ಗಾತ್ರದಲ್ಲಿ ಒಂದೊಂದು ಆಳಕ್ಕೆ ಇಳಿದು ತಳವನ್ನು ತಡವುತ್ತಾ ಓಡುತ್ತಿತ್ತು. ಮೀನು ಕಚ್ಚದಿದ್ದರೂ ಇಲ್ಲಿ ಕಲ್ಲಿದೆ, ಇಲ್ಲಿ ಕೆಸರಿದೆ, ಇಲ್ಲಿ ತಟ್ಟನೆ ತಗ್ಗಿದೆ ಎಂದು ದಾರದ ಮೂಲಕ ಕೈಗೆ ತಿಳಿಯುತ್ತಿತ್ತು. ಕುರುಡನ ಕೋಲಿನಂತೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ದೊಡ್ಡ ಬುದ್ಧಿವಂತ ಇವನೇ. ಎರೆಯನ್ನು ಅವನು ಪ್ರಶ್ನೆ ಕೇಳುವ ಉಪಕರಣ ಮಾಡಿದ.

ಮುಳುಗಿದ ಕಾಡಿಗೆ ಉತ್ತರ ಬಂದದ್ದು ಅಡುಗೆಮನೆಯಿಂದ. 1949ರಲ್ಲಿ ಓಹಾಯೋದ ಅಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬ ಯಂತ್ರ ಕಾರ್ಮಿಕ ಒಲೆಯ ಮೇಲೆ ವಿನೈಲ್ ಕಾಯಿಸಿ ಎರೆಹುಳುವಿನ ಅಚ್ಚಿಗೆ ಸುರಿದ. ಮೆತ್ತಗೆ, ಬಳುಕುತ್ತಾ, ಮುಟ್ಟಿದರೆ ಜೀವವಿದ್ದಂತೆ. ಮೆದುವಾದದ್ದನ್ನು ಬಾಸ್ ಗಟ್ಟಿ ಮರದಷ್ಟು ಬೇಗ ಉಗುಳುವುದಿಲ್ಲ, ಕೋಲು ಹಿಡಿದವನಿಗೆ ಒಂದರೆಕ್ಷಣ ಹೆಚ್ಚು ಸಿಗುತ್ತದೆ. ಟೆಕ್ಸಾಸಿನವರು ಅದಕ್ಕೆ ಇನ್ನೊಂದು ಉಪಾಯ ಸೇರಿಸಿದರು. ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿ, ಮೂತಿಯ ಮುಂದೆ ಗುಂಡಿನಾಕಾರದ ಸೀಸ ಇಟ್ಟರು. ಕೊಂಬೆ ರೆಂಬೆಗಳ ನಡುವೆ ಎಲ್ಲಿಯೂ ಸಿಕ್ಕಿಕೊಳ್ಳದೆ ಅದು ಇಳಿಯುತ್ತದೆ. ಮೀನು ಕಚ್ಚಿದಾಗ ಜಗ್ಗಿದರೆ ಮೊನೆ ಪ್ಲಾಸ್ಟಿಕ್ಕನ್ನು ಸೀಳಿ ಹೊರಬರುತ್ತದೆ. ಟೆಕ್ಸಾಸ್ ರಿಗ್ ಎಂಬ ಹೆಸರು ಬಂದದ್ದು ಹೀಗೆ. ನಿಂತ ಮರಗಳ ಸಮೇತ ತುಂಬಿಕೊಂಡ ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್‌ನಂಥ ಜಲಾಶಯಗಳಿಲ್ಲದೆ ಅದರ ಅಗತ್ಯ ಅಷ್ಟೇನೂ ಇರುತ್ತಿರಲಿಲ್ಲ.

ಈ ಹೊತ್ತಿಗೆ ಹವೆಯ ಪಾಠಗಳೂ ಒಂದು ರೂಪಕ್ಕೆ ಬಂದಿದ್ದವು. ಮಳೆಯಿಂದ ನೀರು ಕದಡಿದರೆ ಮೀನು ಕಣ್ಣಿಗಿಂತ ಪಕ್ಕೆಯ ಸಂವೇದನಾ ರೇಖೆಯನ್ನು ನೆಚ್ಚುತ್ತದೆ. ಆಗ ನೀರನ್ನು ನಡುಗಿಸುವ, ತಿರುಗುವ ತಗಡಿನ ಎರೆ ಬೇಕು, ಬಣ್ಣ ಕಪ್ಪಾದಷ್ಟೂ ಒಳ್ಳೆಯದು. ತಿಳಿನೀರಿಗೆ ಸಣ್ಣದು, ತೆಳು ದಾರ, ಸಹಜ ಬಣ್ಣ. ಗಾಳಿ ಮೇಲ್ಮೈಯನ್ನು ಕದಡಿದರೆ ಬೆಳಕು ಒಡೆದು ಮೀನಿನ ಅನುಮಾನ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಶೀತಗಾಳಿ ಹಾದುಹೋದ ಮರುದಿನದ ನಿರ್ಮಲ ನೀಲಿ ಆಕಾಶ. ನಮಗೆ ಹಿತವಾದ ಹವೆ, ಬೇಟೆಗೆ ಕೆಟ್ಟದು. ಮೀನು ಮರದ ಬುಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ; ಹುಳುವನ್ನು ಅದರ ಮೂತಿಗೇ ಇಳಿಸಿ, ಕೈ ಅಲುಗಿಸದೆ ಕಾಯಬೇಕು. ಮೀನಿನದು ಶೀತರಕ್ತ, ನೀರು ತಣ್ಣಗಾದರೆ ಹಸಿವೂ ನಿಧಾನ.

ಇವೆಲ್ಲ ಊರೂರಿನ ಗುಟ್ಟುಗಳಾಗಿದ್ದವು. ಗುಟ್ಟು ಬಯಲಾಗತೊಡಗಿದ್ದು 1967ರಲ್ಲಿ, ಅಲಬಾಮಾದ ವಿಮಾ ಏಜೆಂಟ್ ರೇ ಸ್ಕಾಟ್ ಆರ್ಕನ್ಸಾದ ಬೀವರ್ ಕೆರೆಯಲ್ಲಿ 106 ಮಂದಿಯ ಸ್ಪರ್ಧೆ ನಡೆಸಿದಾಗ. ಗೆದ್ದವನ ಎರೆ ಯಾವುದೆಂದು ಮರುವಾರ ದೇಶಕ್ಕೆಲ್ಲ ಗೊತ್ತಾಗುವ ಕಾಲ ಬಂತು. ಹಿಡಿದದ್ದನ್ನು ಜೀವಂತ ತೂಗಿ ನೀರಿಗೆ ಬಿಡುವ ಪದ್ಧತಿಯನ್ನು 1972ರಲ್ಲಿ ತಂದವನೂ ಅವನೇ.

ಪೆರ್ರಿ ಲೋಹದ ತುಣುಕಿನಿಂದ ತಡವಿ ತಿಳಿದದ್ದನ್ನು ಅಷ್ಟರಲ್ಲಾಗಲೇ ಯಂತ್ರ ಹೇಳತೊಡಗಿತ್ತು. 1950ರ ದಶಕದ ಕೊನೆಗೆ ಕಾರ್ಲ್ ಲೊರೆನ್ಸ್ ಮತ್ತು ಮಕ್ಕಳು ಸಣ್ಣ ದೋಣಿಗೆ ಹೊಂದುವ ಸೋನಾರ್ ಪೆಟ್ಟಿಗೆ ಮಾರಿದರು. ಮೊದಲು ಕಂಡದ್ದು ಬರೀ ಬೆಳಕಿನ ಮಿಣುಕು. 2018ರಲ್ಲಿ ಬಂದ ಲೈವ್‌ಸ್ಕೋಪ್‌ನಲ್ಲಿ ದೋಣಿಯ ಮುಂದಿನ ಮೀನು, ಅದರತ್ತ ಇಳಿಯುತ್ತಿರುವ ಎರೆ, ಮೀನು ತಿರುಗಿದ್ದು ಎಲ್ಲವೂ ಆ ಕ್ಷಣಕ್ಕೇ ಪರದೆಯ ಮೇಲೆ ಕಾಣುತ್ತವೆ. ಹವೆ ಓದಿ, ನೀರು ಓದಿ ಊಹಿಸುತ್ತಿದ್ದ ಮುಪ್ಪಿನವರನ್ನು ಪರದೆ ನೋಡಿ ಬೆಳೆದ ಹುಡುಗರು ಸೋಲಿಸುತ್ತಿದ್ದಾರೆ. ಸ್ಪರ್ಧೆ ನಡೆಸುವವರು ಮಿತಿ ಹೇರಲು ಶುರುಮಾಡಿದ್ದಾರೆ, ಜಗಳ ನಡೆಯುತ್ತಲೇ ಇದೆ. ಹಳಬರ ಗೋಳಿನಲ್ಲಿ ಹೊಟ್ಟೆಕಿಚ್ಚಿನ ಪಾಲು ಇದ್ದೇ ಇದೆ. ಆದರೆ ನೂರು ವರ್ಷ ಕೈಯಿಂದ ಕೈಗೆ ದಾಟಿದ ಒಂದು ಬಗೆಯ ಓದು ಒಂದೇ ತಲೆಮಾರಿನಲ್ಲಿ ಬೇಡವಾಗುತ್ತಿರುವುದೂ ಸುಳ್ಳಲ್ಲ. ಪರದೆಯ ಮೇಲೆ ಎರೆಯ ಹಿಂದೆಯೇ ಬಂದು, ಮೂಸಿದಂತೆ ನಿಂತು, ಹಿಂತಿರುಗಿ ಹೋಗುವ ಮೀನುಗಳೂ ಕಾಣುತ್ತವೆ. ಏಕೆ ಹೋದವು ಎಂಬುದನ್ನು ಲೈವ್‌ಸ್ಕೋಪ್ ಹೇಳುವುದಿಲ್ಲ.

ಜಾರ್ಜ್ ಪೆರ್ರಿಯ ತೂಕವನ್ನು ಸರಿಗಟ್ಟಿದ ಮೀನು ಸಿಕ್ಕಿದ್ದು 77 ವರ್ಷಗಳ ನಂತರ, 2009ರ ಜುಲೈ 2ರಂದು, ಅಮೆರಿಕದಲ್ಲಲ್ಲ, ಜಪಾನಿನ ಬಿವಾ ಸರೋವರದಲ್ಲಿ. ಜಪಾನಿಗೆ ಬಾಸ್ 1925ರಲ್ಲಿ ಹೋಗಿತ್ತು. ಹಿಡಿದವನು ಮನಾಬು ಕುರಿಟಾ. ಅವನ ಮೀನು ಪೆರ್ರಿಯದಕ್ಕಿಂತ ಒಂದು ಔನ್ಸಿನಷ್ಟೂ ಹೆಚ್ಚು ತೂಗಲಿಲ್ಲ. ಹಳೆಯದನ್ನು ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ದಾಖಲೆ ಇಬ್ಬರಿಗೂ ಸೇರಿತು. ಅವನು ಗಾಳಕ್ಕೆ ಸಿಕ್ಕಿಸಿದ್ದು ಮರವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಜೀವಂತ ಬ್ಲೂಗಿಲ್ ಮೀನು. ಅದೂ ಅಮೆರಿಕದ್ದೇ: ಮುಂದೆ ಚಕ್ರವರ್ತಿಯಾದ ಅಕಿಹಿಟೊಗೆ 1960ರಲ್ಲಿ ಶಿಕಾಗೋದ ಮೇಯರ್ ಕೊಟ್ಟ ಉಡುಗೊರೆಯಿಂದ ಅಲ್ಲಿ ಹಬ್ಬಿದ್ದು. 2007ರಲ್ಲಿ ಚಕ್ರವರ್ತಿ ಅದಕ್ಕಾಗಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಬಿವಾದ ಸ್ಥಳೀಯ ಮೀನುಗಳನ್ನು ತಿಂದು ಮುಗಿಸುವ ಪರಕೀಯರ ಪಟ್ಟಿಯಲ್ಲಿ ಬಾಸ್ ಮತ್ತು ಬ್ಲೂಗಿಲ್ ಎರಡೂ ಇವೆ. ಹಿಡಿದ ಮೇಲೆ ಅವನ್ನು ಮರಳಿ ಸರೋವರಕ್ಕೆ ಬಿಡುವುದನ್ನು ಶಿಗಾ ಪ್ರಾಂತ್ಯ 2003ರಿಂದ ನಿಷೇಧಿಸಿದೆ. ಅವನ್ನು ಹಾಕಲೆಂದು ದಂಡೆಯುದ್ದಕ್ಕೂ ಅಲ್ಲಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ.