ಬೂತಾಯಿಯ ಏರಿಳಿತ: ಮಳೆಗಾಲದ ನಿಷೇಧವೊಂದೇ ಸಾಕೆ?

ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಹೆಸರು ಯಾವುದಾದರೂ ಇದು ಪಶ್ಚಿಮ ಕರಾವಳಿಯ ಬಡವರ ಊಟದ ಮೀನು. ಇದರ ಇಳುವರಿ ಕುಸಿದಾಗಲೆಲ್ಲ ಸಾವಿರಾರು ಮೀನುಗಾರ ಕುಟುಂಬಗಳು ಸಂಕಷ್ಟಕ್ಕೆ ಸಿಲುಕಿವೆ.

ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. 2023ರಲ್ಲಿ ಇಳುವರಿ ಮತ್ತೆ ಲಕ್ಷ ಟನ್ ದಾಟಿತು.

ಏಕೆ ಹೀಗೆ?

ಬೂತಾಯಿಯ ಆಯುಷ್ಯ ಎರಡು ಮೂರು ವರ್ಷ ಮಾತ್ರ. ಮುಂಗಾರಿನಲ್ಲಿ ಸಮುದ್ರದ ಆಳದ ತಂಪು ನೀರು ಪೋಷಕಾಂಶಗಳೊಡನೆ ಮೇಲೇರುತ್ತದೆ. ಅದರಿಂದ ಮೀನಿನ ಆಹಾರವಾದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಇದೇ ಸಮಯದಲ್ಲಿ ಬೂತಾಯಿ ಮೊಟ್ಟೆಯಿಡುತ್ತದೆ. 2015ರಂತಹ ಎಲ್ ನಿನೊ ವರ್ಷದಲ್ಲಿ ಕಡಲು ಬಿಸಿಯಾದರೆ ಈ ಕ್ರಮ ತಪ್ಪುತ್ತದೆ. ಹವಾಮಾನವನ್ನು ನಾವು ತಿದ್ದಲಾರೆವು. ಆದರೆ ಕೆಟ್ಟ ವರ್ಷದಲ್ಲಿ ಉಳಿದ ಮೀನನ್ನೂ ಬಳಿದುಬಿಟ್ಟರೆ ಚೇತರಿಕೆ ಇನ್ನಷ್ಟು ತಡವಾಗುತ್ತದೆ.

ನಿಯಮಗಳು

ಕರ್ನಾಟಕದ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್‌ನ ನಾಡದೋಣಿಗಳಿಗೆ ವಿನಾಯಿತಿ ಇದೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆ ಹಾಗೂ ಬುಲ್ ಟ್ರಾಲಿಂಗನ್ನು ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು.

ಮಳೆಗಾಲದ ನಿಷೇಧ ತಾಯಿಮೀನನ್ನು ಕಾಯುತ್ತದೆ, ಮರಿಯನ್ನಲ್ಲ. ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವಾಗ ಆ ವರ್ಷದ ಮರಿಗಳು ತೀರದ ಬಳಿಯೇ ಇರುತ್ತವೆ. ಸಣ್ಣ ಕಣ್ಣಿನ ಬಲೆಗೆ ಬಿದ್ದ ಮರಿಗಳು ಫಿಶ್‌ಮೀಲ್ ಕಾರ್ಖಾನೆ ಸೇರುತ್ತವೆ. ಹಾಗಾಗಿಯೇ ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ಶಿಫಾರಸು ಮಾಡಿದೆ. ಕೇರಳ 2015ರಲ್ಲಿ ಇದನ್ನು ಜಾರಿಗೆ ತಂದಿತು: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಬೂತಾಯಿ ಮೊಟ್ಟೆಯಿಡಲು ಸುಮಾರು 15 ಸೆಂ.ಮೀ. ಬೆಳೆಯಬೇಕು. ಅಂದರೆ ಈ ಮಿತಿ ತೀರಾ ಎಳೆಯ ಮರಿಗಳನ್ನಷ್ಟೇ ಉಳಿಸುತ್ತದೆ.

ಒಬ್ಬ ಮೀನುಗಾರ ಮಾತ್ರ ದೊಡ್ಡ ಕಣ್ಣಿನ ಬಲೆ ಹಾಕಿದರೆ ಅವನು ಬಿಟ್ಟ ಮೀನು ಪಕ್ಕದ ದೋಣಿಗೆ ಹೋಗುತ್ತದೆ, ನಷ್ಟ ಅವನೊಬ್ಬನದೇ. ಆದುದರಿಂದ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಬಂದರಿನಲ್ಲಿ ತಪಾಸಣೆ ನಡೆಯಬೇಕು. ಗ್ರಾಹಕರಾದ ನಮ್ಮ ಪಾಲೂ ಇದೆ: ಬೆರಳುದ್ದದ ಮರಿಮೀನನ್ನು ಕೊಳ್ಳದಿರೋಣ. ಇಂದು ಉಳಿದ ಮರಿಯೇ ಮುಂದಿನ ವರ್ಷದ ಬಲೆಗೆ ಬರುವ ಮೀನು.